ಉಡಿಗೆ ಬಿದ್ದ ಜಾಳಿಗೆ ಶಾಲು

ಅಂದು ಮುಂಜಾನೆ ಬಬಲೇಶ್ವರದ ಮೇಲೆ ಮಂಜು ಇಳಿದು ಕೂತಿತ್ತು. ಪುಷ್ಯ ಮಾಸದ ಚಳಿ. ಊರ ಹೊರಗಿನ ಎರೆಹೊಲಗಳಲ್ಲಿ ತೆನೆ ಹೊತ್ತು ನಿಂತ ಬಿಳಿಜೋಳ ಕಣ್ಣಿಗೆ ಕಾಣದೆ, ಎಲೆಯಿಂದ ಎಲೆಗೆ ಹನಿ ಜಾರುವ ಸಪ್ಪಳ ಮಾತ್ರ ಕೇಳಿಸುತ್ತಿತ್ತು. ಬಾವಿಯ ನೀರು ಹೊಗೆಯಾಡುತ್ತಿತ್ತು. ಮಠದ ಗಂಟೆಯ ಸದ್ದು ಕೂಡ ಮಂಜಿನಲ್ಲಿ ತೊಯ್ದು, ಮೆತ್ತಗಾಗಿ ಬಂತು. ಇಂಥ ಹೊತ್ತಿನಲ್ಲಿ ಮಾಡಿದ್ದು ಶಿವನ ಕಣ್ಣಿಗೂ ಬೀಳಲಿಕ್ಕಿಲ್ಲ ಎಂದು ಯಾರಿಗಾದರೂ ಅನ್ನಿಸಿದ್ದರೆ ಅವರನ್ನು ಬೈಯುವಂತಿರಲಿಲ್ಲ.

ಆ ಮಂಜಿನಲ್ಲೇ ಎಣ್ಣೆಯಂಗಡಿಯ ಗುರಲಿಂಗಪ್ಪನ ಹೆಂಡತಿ ಲಕ್ಕವ್ವ ತಲೆತುಂಬ ಸೆರಗು ಹೊದ್ದು, ಮಗಳು ಮುರಿಗೆವ್ವನ ಕೈ ಹಿಡಿದು, ಓಣಿಯ ತುದಿಯಲ್ಲಿದ್ದ ದರ್ಜಿ ಅಮೀನಸಾಬನ ಮನೆಯ ಕಡೆ ದಾಪುಗಾಲು ಹಾಕುತ್ತಿದ್ದಳು. ಹೊತ್ತು ಏರುವುದರೊಳಗೆ ತಿಕೋಟಾದಿಂದ ಮುರಿಗೆವ್ವನನ್ನು ನೋಡಲು ಬೀಗರು ಬರುವವರಿದ್ದರು. ನಡುವೆ ನಿಂತು ಮಾತು ಕೂಡಿಸುತ್ತಿದ್ದ ಗುರುಪಾದಯ್ಯನವರು ನಿನ್ನೆ ಸಂಜೆ ಬಂದು ಹೇಳಿದ್ದು ಲಕ್ಕವ್ವನ ನಿದ್ದೆ ಕೆಡಿಸಿತ್ತು.

"ಮನಿತನ ಚಲೋ ಐತಿ, ಹುಡುಗ ಅಮರಪ್ಪನೂ ಚಲೋ ಅದಾನ," ಅಂದಿದ್ದರು ಅವರು. "ಆದ್ರ ಅವರವ್ವ ನೀಲಾಬಾಯಿ ವಿಜಾಪುರದ ಪ್ಯಾಟ್ಯಾಗ ಬೆಳದಾಕಿ. ರೊಟ್ಟಿ ಬಡೀತಾಳೇನು ಅಂತ ಕೇಳೂದಿಲ್ಲ. ಹುಡುಗಿ ಕೈಗೆಲಸ ಏನೈತಿ, ತಂದ ತೋರಸ್ರಿ ಅಂತಾಳ. ಅರಕೇರಿ ಹುಡುಗೀನ ಅದಕ್ಕ ಬ್ಯಾಡಂದ್ಲು ನೋಡ್ರಿ."

ಮುರಿಗೆವ್ವನಿಗೆ ಕೈಗೆಲಸ ಬರುತ್ತಿರಲಿಲ್ಲವೆಂದಲ್ಲ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಆಕೆ ಹೊಲಿದ ಕೌದಿಗಳು ಅಟ್ಟದ ತುಂಬ ಇದ್ದವು. ಆದರೆ ಲಕ್ಕವ್ವ ಅವುಗಳ ಕಡೆ ನೋಡಿ ಮೂಗು ಮುರಿದಿದ್ದಳು. "ಕೌದಿ ಯಾರ ಮನ್ಯಾಗಿಲ್ಲ? ಪ್ಯಾಟಿಯಾಕಿ ಮುಂದ ಕೌದಿ ಹಾಸಿದ್ರ, ಮಲಕೋರಿ ಅಂತ ಹೇಳಿದಾಂಗ ಆಗ್ತೈತಿ!"

ಅಮೀನಸಾಬನ ಹೆಂಡತಿ ಚಾಂದಬಿಗೆ ಕ್ರೋಶಾ ಬರುತ್ತಿತ್ತು. ತುದಿಗೆ ಕೊಕ್ಕೆಯಿದ್ದ ಒಂದು ಸೂಜಿ, ಒಂದು ದಾರದ ಉಂಡೆ, ಇಷ್ಟೇ ಆಕೆಯ ಸಾಮಾನು. ಗಂಡಸರು ನಮಾಜಿಗೆ ಹಾಕಿಕೊಳ್ಳುವ ಟೋಪಿಗಳನ್ನು ಆಕೆ ಮಾತಾಡುತ್ತ ಮಾತಾಡುತ್ತಲೇ ಹೆಣೆದು ಬಿಸಾಕುತ್ತಿದ್ದಳು. ಆದರೆ ದಸರೆಯಿಂದ ಟೋಪಿ ಬದಿಗಿಟ್ಟು ಒಂದು ಶಾಲಿಗೆ ಕೈ ಹಚ್ಚಿದ್ದಳು. ಬೆಳ್ಳಗಿನ ಸಣ್ಣ ದಾರದ ಜಾಳಿಗೆ ಶಾಲು. ಮೊದಲು ಸರಪಳಿ, ಸರಪಳಿಯ ಮೇಲೆ ಕಂಬ, ಕಂಬದ ಮೇಲೆ ಕಮಾನು, ಕಮಾನಿನ ಮೇಲೆ ಮತ್ತೆ ಕಮಾನು. ಮಡಿಚಿದರೆ ಒಂದು ಮುಷ್ಟಿ. ಝಾಡಿಸಿದರೆ ಎರಡೂ ಭುಜ ಮುಚ್ಚಿ ಬೆನ್ನಿನ ತನಕ ಇಳಿಯುತ್ತಿತ್ತು. ಅದು ಆಕೆಯ ತಾಯಿ ಹುಸೇನಬಿಗಾಗಿ. ಮುದುಕಿಯ ಮೈಚರ್ಮ ಈರುಳ್ಳಿಯ ಸಿಪ್ಪೆಯಷ್ಟು ತೆಳುವಾಗಿತ್ತು. ಕಂಬಳಿ ಹೊದಿಸಿದರೆ ಚುಚ್ಚುತ್ತದೆ ಎಂದು ಅಳುತ್ತಿದ್ದಳು, ತೆಗೆದರೆ ಚಳಿಗೆ ನಡುಗುತ್ತಿದ್ದಳು.

"ಕಂಬಳಿ ಒಳಗ ಒಂದು ಪದರ ಇದು ಇದ್ರ ಸಾಕು," ಎಂದು ಚಾಂದಬಿ ಒಮ್ಮೆ ಮುರಿಗೆವ್ವನಿಗೆ ಹೇಳಿದ್ದಳು. "ಜಾಳಿಗಿ ಒಂದೊಂದ ಕಣ್ಣಿನ್ಯಾಗೂ ಮೈಯಿಂದ ಬಿಸಿ ಕೂತಿರ್ತೈತಿ. ಭಾರನೂ ಇಲ್ಲ, ಚುಚ್ಚೂದೂ ಇಲ್ಲ."

ಮುರಿಗೆವ್ವನೂ ಆಕೆಯ ಅಂಗಳದಲ್ಲಿ ಕೂತು ಕಲಿಯಲು ನೋಡಿದ್ದಳು. ಸರಪಳಿಯ ತನಕ ಬಂತು. ಕಂಬ ಎಬ್ಬಿಸುವಾಗ ದಾರ ಕೊಕ್ಕೆಯಿಂದ ಜಾರುತ್ತಿತ್ತು. "ನಿನ್ನ ಸರಪಳಿ ಹಿಡಕೊಂಡ ಬಾವಿಗೆ ಕೊಡಾ ಇಳಿಸಬೇಕು ನೋಡು," ಎಂದು ಚಾಂದಬಿ ನಗುತ್ತಿದ್ದಳು.

ಆ ಮುಂಜಾನೆ ಲಕ್ಕವ್ವ ಬಾಗಿಲಲ್ಲಿ ನಿಂತೇ ಕೇಳಿದಳು. "ಚಾಂದಬಿ, ನಿನ್ನ ಶಾಲು ಒಂದು ಗಳಿಗಿ ಕೊಡು ಬೇ. ತಾಟಿನ್ಯಾಗ ಇಟ್ಟು ತೋರಸ್ತೀನಿ, ಅವರ ಚಕ್ಕಡಿ ಊರ ದಾಟೂದರಾಗ ನಿನ್ನ ಕೈಯಾಗ ತಂದಿಡ್ತೀನಿ."

ಚಾಂದಬಿ ಒಮ್ಮೆ ಒಳಗೆ ತಿರುಗಿ ನೋಡಿದಳು. "ನಂದಲ್ಲರೀ ಅಕ್ಕಾರ, ಅಮ್ಮಾಂದು. ಇನ್ನೂ ಮುಗದೂ ಇಲ್ಲ. ಒಂದು ಮೂಲಿ ಉಳದೈತಿ."

"ಮೂಲಿ ಯಾರ ನೋಡ್ತಾರ ಬೇ! ಹುಡುಗಿ ದೈವದ ಪ್ರಶ್ನಿ ಐತಿ."

ಚಾಂದಬಿ ಒಳಗೆ ಹೋಗಿ ಶಾಲು ತಂದಳು. ಮುಗಿಯದ ಮೂಲೆಯಲ್ಲಿ ಕೊನೆಯ ಕುಣಿಕೆ ಬಾಯಿ ತೆರೆದಿತ್ತು. ಅದು ಬಿಚ್ಚದಿರಲೆಂದು ಅದರೊಳಗೆ ಒಂದು ಕೆಂಪು ದಾರ ಪೋಣಿಸಿ ಗಂಟು ಹಾಕಿದಳು. "ಇದನ್ನ ಮಾತ್ರ ಜಗ್ಗಬ್ಯಾಡ್ರಿ. ಪೂರಾ ಶಾಲು ಒಂದ ಎಳಿ. ಗಂಟ ಬಿಚ್ಚಿತು ಅಂದ್ರ ಓಡಿ ಹೋಗ್ತೈತಿ." ಆಮೇಲೆ ಮುರಿಗೆವ್ವನ ಗಲ್ಲ ಹಿಂಡಿ ನಕ್ಕಳು. "ಏನ ಬೇ, ನಾನ ಹೆಣದೀನಿ ಅಂತ ಹೇಳಾಕೇನು? ಹೇಳ್ಹೇಳು. ಹೊದಿಯಾಕೇನಲ್ಲ, ಬರೇ ತೋರಸಾಕ!"

ಒಳಗಿನ ಕತ್ತಲೆಯಿಂದ ಹುಸೇನಬಿಯ ಗೊಗ್ಗರು ದನಿ ಕೇಳಿಸಿತು. "ಚಾಂದಾ, ಮುಗಿತೇನು ನಂದು?"

"ಒಂದು ಮೂಲಿ ಉಳದೈತಿ ಅಮ್ಮಾ," ಎಂದಳು ಚಾಂದಬಿ.

ಮನೆಗೆ ಬಂದ ಮೇಲೆ ಲಕ್ಕವ್ವ ಮಾಡಿದ ತಪ್ಪು ಬೇರೆ ಊರಿನವರಿಗೆ ತಪ್ಪೆಂದೇ ತಿಳಿಯಲಿಕ್ಕಿಲ್ಲ. ಮನೆಯಲ್ಲಿ ಚಂದದ ಹಿತ್ತಾಳೆಯ ತಾಟು ಒಂದೇ ಇತ್ತು. ಬೀಗತಿಯ ಉಡಿ ತುಂಬುವ ಸಾಮಾನನ್ನು, ಕುಪ್ಪಸದ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಎಲ್ಲವನ್ನೂ ಆಕೆ ಆ ತಾಟಿನಲ್ಲೇ ಜೋಡಿಸಿದ್ದಳು. ಶಾಲನ್ನೂ ಅದರಲ್ಲೇ ಕೆಳಗೆ ಹಾಸಿದಳು. ಬೆಳ್ಳನೆಯ ಕಮಾನುಗಳು ತಾಟಿನ ಅಂಚಿನಾಚೆ ಇಳಿಬಿದ್ದು ಚಂದ ಕಂಡವು. "ಹಿಂಗಿಟ್ರ ಕೇಳದನ ಕಣ್ಣಿಗೆ ಬೀಳ್ತೈತಿ," ಎಂದು ತನ್ನಷ್ಟಕ್ಕೆ ಹಿಗ್ಗಿದಳು.

ಬಿಸಿಲು ಮಂಜನ್ನು ಇನ್ನೂ ಸೀಳಿರಲಿಲ್ಲ. ಗಂಡನ ಜೊತೆ ಚಕ್ಕಡಿಯಿಂದ ಇಳಿದ ನೀಲಾಬಾಯಿ ಚಳಿಗೆ ಸೆಡೆತುಕೊಂಡಿದ್ದಳು. ಎತ್ತರದ ಹೆಂಗಸು, ಹಣೆಯ ಮೇಲೆ ವಿಭೂತಿ, ಅದರ ಕೆಳಗೆ ದೊಡ್ಡ ಕುಂಕುಮ. ಅವಲಕ್ಕಿ, ಶಿರಾ, ಚಹಾ ಆದವು. ಮುರಿಗೆವ್ವ ಬಂದು ನಮಸ್ಕಾರ ಮಾಡಿ ಜಮಖಾನೆಯ ತುದಿಗೆ ಕೂತಳು. ನೀಲಾಬಾಯಿ ಹೆಸರು ಕೇಳಿದಳು, ವಚನ ಹೇಳಿಸಿದಳು, ಕೈ ಹಿಡಿದು ನೋಡಿದಳು. ಅಷ್ಟರಲ್ಲಿ ತಾಟು ಬಂತು. ಆಕೆಯ ಕಣ್ಣು ಕೊಬ್ಬರಿಯ ಮೇಲೆ ಬೀಳಲಿಲ್ಲ.

"ಇದನ್ಯಾರು ಹೆಣದಾರ?"

ಲಕ್ಕವ್ವ ಮಗಳ ಕಡೆ ನೋಡಿದಳು. ಮುರಿಗೆವ್ವ ನೆಲ ನೋಡಿದಳು.

"ನಾನ ರೀ."

ಅಂದದ್ದು ಎರಡೇ ಮಾತು. ಬಾಯಿಂದ ಹೊರಟಾಗ ಅವು ಹಗುರಾಗಿಯೇ ಇದ್ದವು. ಒಂದು ಗಳಿಗೆಯ ಸುಳ್ಳು, ಆಮೇಲೆ ಶಾಲಿನ ಜೊತೆಗೇ ಓಣಿಯ ತುದಿಗೆ ಮರಳಿ ಹೋಗುವಂಥದ್ದು ಎಂದೇ ಆಕೆ ತಿಳಿದಿದ್ದಳು. ಆದರೆ ಉಡಿ ತುಂಬಲು ಕೂತವಳು ಗುರಲಿಂಗಪ್ಪನ ಅಕ್ಕ, ವಯಸ್ಸಾದ ಮುತ್ತೈದೆ. ಆಕೆಗೆ ಈ ಒಳಗಿನ ಮಾತು ಯಾರೂ ಹೇಳಿರಲಿಲ್ಲ. ಆಕೆ ನೀಲಾಬಾಯಿಗೆ ಅರಿಶಿಣ ಕುಂಕುಮ ಹಚ್ಚಿ, ಸೆರಗು ಒಡ್ಡಿಸಿ, ಶಿವ ಶಿವಾ ಎನ್ನುತ್ತ ಇಡೀ ತಾಟನ್ನು ಬೀಗತಿಯ ಉಡಿಗೆ ಸುರುವಿದಳು. ಕೊಬ್ಬರಿ ಬಿತ್ತು, ಖಣ ಬಿತ್ತು, ಎಲ್ಲದರ ಹಿಂದೆ ಶಾಲು ಸದ್ದಿಲ್ಲದೆ ಜಾರಿ ಬಿತ್ತು.

ಲಕ್ಕವ್ವನ ಕೈ ಮುಂದೆ ಹೋಗಿ ಅರ್ಧಕ್ಕೇ ನಿಂತಿತು. ಉಡಿಗೆ ಹಾಕಿದ್ದನ್ನು ಕೈ ಇಟ್ಟು ತೆಗೆಯುವುದೆಂದರೆ ಉಡಿ ಒಡ್ಡಿದ ಮುತ್ತೈದೆಗೆ ಕೇಡು ಬಯಸಿದಂತೆ. ಅಂಥ ಕೆಲಸ ಹಗೆಯವರೂ ಮಾಡಲಾರರು.

ನೀಲಾಬಾಯಿ ಶಾಲನ್ನು ಕೈಯಲ್ಲಿ ತೂಗಿದಳು. ತನ್ನ ಉಣ್ಣೆಯ ಶಾಲು ಸರಿಸಿ, ಅದರೊಳಗೆ ಇದನ್ನು ಹೊದ್ದು, ಮತ್ತೆ ಮೇಲಿನದನ್ನು ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಆಕೆಯ ಬಿಗಿದ ಮುಖ ಸಡಿಲಾಯಿತು.

"ಮಂಜನ್ನ ನೂಲ ಮಾಡಿ ಹೆಣದಾಂಗ ಅದಲ್ಲ ಇದು!" ಎಂದು ಗಂಡನ ಕಡೆ ತಿರುಗಿದಳು. "ಇನ್ನೇನ ಕೇಳೂದದ ರೀ? ಸಕ್ಕರಿ ಹಂಚಸ್ರಿ."

ಆಗ ಒಂದು ಮಾತು ಆಡಬಹುದಿತ್ತು. ಮುರಿಗೆವ್ವನ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅಪ್ಪನ ಮುಖದ ಮೇಲೆ ಅಷ್ಟು ನಗು ಆಕೆ ಎಂದೂ ಕಂಡಿರಲಿಲ್ಲ. ಯಾರೋ ಬಾಯಿಗೆ ಸಕ್ಕರೆ ಹಾಕಿದರು. ಮಾತು ಸಕ್ಕರೆಯ ಜೊತೆ ಒಳಗೆ ಹೋಯಿತು.

ಚಕ್ಕಡಿ ಊರು ದಾಟಿದ ಮೇಲೆ ಲಕ್ಕವ್ವ ಬರಿಗೈಯಲ್ಲಿ ಓಣಿಯ ತುದಿಗೆ ಹೋದಳು. ಮುರಿಗೆವ್ವ ಹಿಂದೆ ಹೋಗಿ ಗೋಡೆಯ ಮರೆಗೆ ನಿಂತಳು.

ಚಾಂದಬಿ ಎಲ್ಲ ಕೇಳಿದಳು. ಕೂಗಾಡಿದ್ದರೆ ಕೇಳುವವರಿಗೆ ಸುಲಭವಾಗುತ್ತಿತ್ತು. ಆಕೆ ಕೂಗಲಿಲ್ಲ.

"ಲಗ್ನ ಕೂಡಿತೇನ್ರಿ?" ಎಂದಳು.

"ಕೂಡಿತು ಬೇ."

"ಹಂಗಾರ ಚಲೋ ಆತು."

"ದಾರ ತರಿಸಿ ಕೊಡ್ತೀನಿ ಚಾಂದಬಿ. ಜ್ವಾಳಾ ಬೇಕಾರ ಇವತ್ತ ಕಳಸ್ತೀನಿ..."

"ಜ್ವಾಳಾ ಹೊದಿಸಾಕ ಬರೂದಿಲ್ಲರೀ ಅಕ್ಕಾರ." ಹೇಳಿದ ಮೇಲೆ ಮಾತು ಚುರುಕಾಯಿತೆನ್ನಿಸಿತೋ ಏನೋ, ದನಿ ತಗ್ಗಿಸಿದಳು. "ದಾರ ಸಿಕ್ಕಾಗ ನೋಡೂಣು."

ದಾರ ಎಲ್ಲಿ ಸಿಗಬೇಕು? ಯುದ್ಧದ ಕಾಲ. ಸೀಮೆಎಣ್ಣೆಗೂ ಅರಿವೆಗೂ ಸರಕಾರದ ಕಂಟ್ರೋಲು. ಅಷ್ಟು ಸಣ್ಣ ಬಿಳಿ ದಾರದ ಉಂಡೆ ವಿಜಾಪುರದ ಪ್ಯಾಟೆಯಲ್ಲೂ ಕಣ್ಣಿಗೆ ಬೀಳುತ್ತಿರಲಿಲ್ಲ. ಗುರಲಿಂಗಪ್ಪ ಎರಡು ಸಲ ಕೇಳಿ ಬಂದ. ಆಮೇಲೆ ಮದುವೆಯ ಗದ್ದಲದಲ್ಲಿ ಆ ಮಾತು ಹಿಂದೆ ಬಿತ್ತು. ಹಿಂದೆ ಬೀಳಲಿ ಎಂದೇ ಎಲ್ಲರೂ ಬಯಸಿದ್ದರೋ ಏನೋ.

ಆ ಚಳಿಗಾಲ ಉಳಿದಷ್ಟು ದಿನವೂ ಹುಸೇನಬಿ ಎಳೆಬಿಸಿಲಿಗೆ ಅಂಗಳದ ಗೋಡೆಗೆ ಆತು ಕೂರುತ್ತಿದ್ದಳು. ಮೈಮೇಲೆ ಹಳೆಯ ಸೀರೆಯ ಮಡಿಕೆ, ಅದರ ಮೇಲೆ ಕಂಬಳಿ. ಸೀರೆ ಸರಿದಾಗಲೆಲ್ಲ ಕುತ್ತಿಗೆ ತುರಿಸಿಕೊಳ್ಳುತ್ತಿದ್ದಳು. ಆ ಅಂಗಳ ದಾಟದೆ ಸಿಹಿನೀರ ಬಾವಿಗೆ ದಾರಿ ಇರಲಿಲ್ಲ. ಮುರಿಗೆವ್ವ ಮಠದ ಹಿಂದಿನಿಂದ ಸುತ್ತು ಹಾಕಿ ಉಪ್ಪುನೀರ ಬಾವಿಗೆ ಹೋಗತೊಡಗಿದಳು.

"ಬ್ಯಾಳಿ ಬೇಯವಲ್ಲವು, ಈ ನೀರ ಯಾಕ ತರ್ತಿ?" ಎಂದು ಲಕ್ಕವ್ವ ಕೇಳಿದಳು. ಮಗಳು ಕೊಡ ಇಳಿಸಿ ಒಲೆಗೆ ಕಟ್ಟಿಗೆ ಒಟ್ಟಿದಳು. ತಾಯಿ ಮತ್ತೆ ಕೇಳಲಿಲ್ಲ.

ವೈಶಾಖದಲ್ಲಿ ಮದುವೆಯಾಯಿತು. ಅಕ್ಷತೆಯ ದಿನ ಚಾಂದಬಿ ಬಂದು, ಹೆಂಗಸರ ನಡುವೆ ನಿಂತು, ಮದುಮಗಳ ದೃಷ್ಟಿ ನೀವಾಳಿಸಿ ನೆಟಿಗೆ ಮುರಿದಳು. ಅಮೀನಸಾಬ ಮದುವೆಯ ಕುಪ್ಪಸವನ್ನು ತಾನೇ ಹೊಲಿದು ಕೊಟ್ಟಿದ್ದ. ಹೊಸ ಕುಪ್ಪಸ ಮೈಗೆ ಸರಿಯಾಗಿ ಕೂತಿತ್ತು. ಮುರಿಗೆವ್ವನಿಗೆ ಅದರೊಳಗೆ ಉಸಿರು ಹಿಡಿದಂತಾಗುತ್ತಿತ್ತು.

ತಿಕೋಟಾದ ಮನೆಯಲ್ಲಿ ಆಕೆಗೆ ಯಾವ ಕೊರತೆಯೂ ಇರಲಿಲ್ಲ. ಅಮರಪ್ಪ ಒಳ್ಳೆಯವನು, ನಗಿಸುವವನು. ನೀಲಾಬಾಯಿ ಬಾಯಿ ಜೋರಾದರೂ ಊಟಕ್ಕೆ ಕೂತಾಗ ಸೊಸೆಯ ತಾಟಿಗೇ ಮೊದಲು ತುಪ್ಪ ಹಾಕುತ್ತಿದ್ದಳು. ಕೊರಗೆಲ್ಲ ಒಂದೇ. ಬಂದವರ ಮುಂದೆಲ್ಲ ಅತ್ತೆ ಪೆಟ್ಟಿಗೆ ತೆರೆದು ಶಾಲು ಹರವುತ್ತಿದ್ದಳು. "ನೋಡ್ರಿ, ನಮ್ಮ ಸೊಸಿ ಕೈ!" ಬಂದವರು ಮುರಿಗೆವ್ವನ ಕೈ ನೋಡುತ್ತಿದ್ದರು. ಆಕೆ ಕೈಯನ್ನು ಸೆರಗಿನಲ್ಲಿ ಅಡಗಿಸುತ್ತಿದ್ದಳು. ಅದನ್ನೂ ಅವರು ನಯವೆಂದು ತಿಳಿದು ಹೊಗಳುತ್ತಿದ್ದರು.

ಮತ್ತೆ ಮಾರ್ಗಶಿರ ಬಂತು. ನೀಲಾಬಾಯಿ ಶಾಲನ್ನು ಬಿಸಿಲಿಗೆ ಹಾಕಿದವಳು ಮೂಲೆಯ ಕೆಂಪು ದಾರ ಕಂಡಳು.

"ಇಲ್ನೋಡು, ಈ ಮೂಲಿ ಹಂಗ ಉಳದದ. ಆ ದಿನ ಗಡಿಬಿಡ್ಯಾಗ ಬಿಟ್ಟಿಯೇನು? ಮುಗಸಿಬಿಡು."

"ಸೂಜಿ ಊರಾಗ ಉಳೀತ್ರಿ ಅತ್ತ್ಯಾರ," ಎಂದಳು ಮುರಿಗೆವ್ವ. "ದಾರನೂ ಇಲ್ಲ."

ಒಂದು ಸುಳ್ಳಿನ ಮೇಲೆ ಇನ್ನೊಂದು ಕಮಾನು ಎದ್ದಿತು. ನೀಲಾಬಾಯಿಗೆ ಅಷ್ಟು ಸಾಕಾಯಿತು. ವಿಜಾಪುರದ ತವರಿಗೆ ಹೇಳಿ ಕಳಿಸಿದಳು. ಅಲ್ಲಿ ಆಕೆಯ ಅಣ್ಣನಿಗೆ ಪ್ಯಾಟೆಯವರೆಲ್ಲ ಗುರುತು. ಎಲ್ಲಿಂದಲೋ ಒಂದು ಕೊಕ್ಕೆಸೂಜಿ, ಒಂದು ಉಂಡೆ ಬಿಳಿ ದಾರ ಹುಡುಕಿ ಕಳಿಸಿದ. ನೆಪ ಹೇಳಲು ಇನ್ನೇನೂ ಉಳಿಯಲಿಲ್ಲ.

ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ಮುರಿಗೆವ್ವ ಹಿತ್ತಿಲ ಬಾಗಿಲ ಬೆಳಕಿಗೆ ಕೂತಳು. ಚಾಂದಬಿಯ ಬೆರಳು ಹೇಗೆ ಆಡುತ್ತಿದ್ದವೆಂದು ನೆನಪಿಸಿಕೊಂಡಳು. ದಾರವನ್ನು ಕಿರುಬೆರಳಿಗೆ ಸುತ್ತಿ, ತೋರುಬೆರಳ ಮೇಲೆ ಹಾಯಿಸಿ... ಕೆಂಪು ಗಂಟು ಬಿಚ್ಚಿದಳು. ಕುಣಿಕೆಗೆ ಕೊಕ್ಕೆ ಹಾಕಿ ಎಳೆದಳು. ಕುಣಿಕೆ ಜಾರಿತು. ಹಿಡಿಯಲು ಹೋದ ಕೈ ತಪ್ಪಾದ ಎಳೆಯನ್ನು ಜಗ್ಗಿತು. ಕಮಾನು ಕಳಚಿತು, ಅದರ ಪಕ್ಕದ್ದು ಕಳಚಿತು, ಅಂಚಿನ ಸಾಲು ಪುಟಪುಟನೆ ಬಿಚ್ಚುತ್ತ ಓಡಿತು. ಎಷ್ಟು ಸಲೀಸಾಗಿ ಓಡಿತೆಂದರೆ, ಅದನ್ನು ಕಟ್ಟಲು ಒಬ್ಬಾಕೆ ದಸರೆಯಿಂದ ಕಣ್ಣು ನೋಯಿಸಿಕೊಂಡಿದ್ದಳೆಂಬುದೇ ಸುಳ್ಳೆನ್ನಿಸುವಂತಿತ್ತು. ಮುರಿಗೆವ್ವ ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ನಿಲ್ಲಿಸಿ, ಉಳಿದ ಕುಣಿಕೆಗೆ ಮತ್ತೆ ಅದೇ ಕೆಂಪು ದಾರ ಕಟ್ಟಿದಳು. ಬಿಚ್ಚಿದ ದಾರ ಸುರುಳಿ ಸುರುಳಿಯಾಗಿ ಮಡಿಲಲ್ಲಿ ಬಿದ್ದಿತ್ತು. ಪ್ರತಿಯೊಂದು ಸುರುಳಿಯಲ್ಲೂ ಚಾಂದಬಿಯ ಬೆರಳು ಬಗ್ಗಿಸಿದ ಗುರುತಿತ್ತು. ತಿಕ್ಕಿದರೂ ಅದು ನೆಟ್ಟಗಾಗಲಿಲ್ಲ.

ನೀಲಾಬಾಯಿ ನೋಡಿದಾಗ ಬೈಯಲೂ ಇಲ್ಲ. "ಹೋಗ್ಲಿ ಬಿಡು. ಕೈ ತಪ್ಪೂದು ಎಲ್ಲಾರಿಗೂ ಆಗ್ತದ. ಸಾವಕಾಶ ಮಾಡು," ಎಂದು ಬೆನ್ನು ಸವರಿದಳು. ಆ ಕೈ ಬೆನ್ನ ಮೇಲೆ ಇದ್ದಷ್ಟು ಹೊತ್ತೂ ಮುರಿಗೆವ್ವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ನಸುಕಿನಲ್ಲಿ ನೀಲಾಬಾಯಿ ಲಿಂಗಪೂಜೆಗೆ ಕೂತಳು. ಮಿಂದ ಮೈ, ಚಳಿ ಬಹಳ. ಒದ್ದೆಕೂದಲ ಕೆಳಗೆ ಹೆಗಲ ಮೇಲೆ ಜಾಳಿಗೆ ಶಾಲು ಹೊದ್ದಿದ್ದಳು. ಎಡಗೈಯಲ್ಲಿ ಲಿಂಗ, ಮುಚ್ಚಿದ ಕಣ್ಣು, ತುಟಿಯಲ್ಲಿ ನಾಮ. ದೀಪದ ಬೆಳಕು ಶಾಲಿನ ಕಣ್ಣುಗಳೊಳಗಿಂದ ಹಾಯ್ದು ಗೋಡೆಯ ಮೇಲೆ ಬಿದ್ದಿತ್ತು. ಹೂ ಕೊಡಲು ಬಂದ ಮುರಿಗೆವ್ವ ಅದನ್ನು ನೋಡಿ ಹೊಸ್ತಿಲಲ್ಲೇ ನಿಂತಳು. ತಾನು ಆಡಿದ ಎರಡು ಮಾತು ಈಗ ದೇವರ ಮುಂದೆ ಹೋಗಿ ಕೂತಿದ್ದವು. ಅದೂ ಏನೂ ಅರಿಯದ ಒಬ್ಬಾಕೆಯ ಮೈಮೇಲೆ.

ಪೂಜೆ ಮುಗಿಯುವ ತನಕ ಕಾದಳು. ಲಿಂಗ ಮತ್ತೆ ಎದೆಗೇರಿದ ಮೇಲೆ ಹೇಳಿದಳು.

"ಅತ್ತ್ಯಾರ, ಆ ಶಾಲು ನಾ ಹೆಣದದ್ದಲ್ಲ ರೀ."

ನೀಲಾಬಾಯಿ ಮೊದಲು ನಕ್ಕಳು. ಸೊಸೆಯ ಮುಖ ನೋಡಿ ನಗು ನಿಂತಿತು. "ಮತ್ತ ಯಾರ ಹೆಣದಾರ?"

ಮುರಿಗೆವ್ವ ನಿಂತಲ್ಲೇ ಎಲ್ಲ ಹೇಳಿದಳು. ಎಲ್ಲೂ ಅವ್ವನ ಮೇಲೆ ಹಾಕಲಿಲ್ಲ. ಕೇಳಿದ್ದಕ್ಕೆ ಬಾಯಿ ತೆರೆದವಳು ತಾನು. ತೆರೆಯಬೇಕಾದಾಗ ಮುಚ್ಚಿದವಳೂ ತಾನೇ.

"ಆ ಮುದುಕಿ ಈಗ ಏನ ಹೊದೀತಾಳ?"

"ಹಳೇ ಸೀರಿ ರೀ. ಅದರ ಮ್ಯಾಲ ಕಂಬಳಿ."

ನೀಲಾಬಾಯಿ ಶಾಲು ತೆಗೆದಳು. ತೆಗೆದದ್ದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದೇ ನಿಂತಳು. ಗೂಟದ ಕಡೆ ನೋಡಿದಳು, ಪೆಟ್ಟಿಗೆಯ ಕಡೆ ನೋಡಿದಳು.

"ಇದನ್ನ ಹೊದ್ದು ಮಠಕ್ಕ ಹೋಗೀನಲ್ಲ ಬೇ ನಾನು. ಸ್ವಾಮಿಗೋಳ ಮುಂದ ಕುಂತು ಸೊಸಿ ಹೆಣದಾಳ ಅಂತ ಬ್ಯಾರೆ ಹೇಳೀನಿ. ಒಬ್ಬ ಮುದುಕಿ ಮೈಮ್ಯಾಲಿಂದು ಎಳಕೊಂಡ ಬಂದು ನನಗ ಹೊದಿಸೀರಿ. ನನ್ನ ಮಾರಿ ಎಲ್ಲಿಡ್ಲಿ?"

ಅಂದಿನಿಂದ ನೀಲಾಬಾಯಿ ಸೊಸೆಯ ಜೊತೆ ನೆಟ್ಟಗೆ ಮಾತಾಡಲಿಲ್ಲ. ಹೇಳುವುದನ್ನೆಲ್ಲ ಎಮ್ಮೆಗೆ ಹೇಳುತ್ತಿದ್ದಳು. "ಯಾಕ ಬೇ, ಇವತ್ತ ಹಾಲ ನೀನ ಕೊಟ್ಟಿಯೋ, ಬಾಜೂ ಮನಿಯಿಂದ ಇಸಕೊಂಡ ಬಂದಿಯೋ?" ಅಮರಪ್ಪ ಉಣ್ಣಲು ಕೂತು, "ಅವ್ವಾ, ರೊಟ್ಟಿ ಮೆತ್ತಗ ಆಗ್ಯಾವಲ್ಲ!" ಎಂದರೆ, "ಅವನ್ನ ನಿನ್ನ ಹೇಣ್ತೀನ ಬಡದಾಳ. ಕಣ್ಣಾರೆ ನೋಡೀನಿ, ಅನುಮಾನಿಲ್ಲ," ಎನ್ನುತ್ತಿದ್ದಳು. ಅವನಿಗೆ ಏನೂ ತಿಳಿಯದೆ ಇಬ್ಬರ ಮುಖವನ್ನೂ ನೋಡಿ ಸುಮ್ಮನೆ ಅಗಿಯುತ್ತಿದ್ದ. ಮುರಿಗೆವ್ವ ತಲೆ ಎತ್ತುತ್ತಿರಲಿಲ್ಲ. ಬೈಗುಳಕ್ಕಿಂತ ಹೆಚ್ಚಾಗಿ ಆಕೆಯನ್ನು ಸುಡುತ್ತಿದ್ದುದು ಬೇರೊಂದು ನೋಟ. ಚಳಿ ಕೊರೆಯುತ್ತಿದ್ದರೂ ಅತ್ತೆ ಆ ಶಾಲನ್ನೂ ಮುಟ್ಟುತ್ತಿರಲಿಲ್ಲ, ತನ್ನ ಉಣ್ಣೆಯದನ್ನೂ ಹೊದೆಯುತ್ತಿರಲಿಲ್ಲ. ಬರೀ ಸೆರಗು ಹೊದ್ದು ಪೂಜೆಗೆ ಕೂತು ನಡುಗುತ್ತಿದ್ದಳು.

ಕೊನೆಗೊಂದು ಸಂಜೆ ಮುರಿಗೆವ್ವನೇ ಕೇಳಿದಳು. "ಎಳ್ಳಮಾಸಿಗೆ ಊರಿಗೆ ಹೋಗೂದೈತಲ್ಲರೀ. ಅದನ್ನ ಒಯ್ದು ಕೊಟ್ಟ ಬರ್ಲೇನು?"

ನೀಲಾಬಾಯಿ ಎಮ್ಮೆಯ ಕಡೆ ತಿರುಗಲಿಲ್ಲ. ಈ ಮಾತಿಗೆ ಎಮ್ಮೆ ಸಾಲುತ್ತಿರಲಿಲ್ಲ.

"ನನ್ನ ಉಡ್ಯಾಗ ಬಿದ್ದದ್ದನ್ನ ನಾ ತಿರುಗಿ ಕೊಟ್ರ ಬೀಗತನಾನ ತಿರುಗಿ ಕೊಟ್ಟಾಂಗ ಆಗ್ತದ. ನಿಮ್ಮಪ್ಪನ ಹೊಸ್ತಿಲಕ್ಕ ಅಂಥಾದ್ದು ನಾ ಕಳಸೂದಿಲ್ಲ."

ಮುರಿಗೆವ್ವ ಹಾಲಿನ ಚರಿಗೆ ಎತ್ತಿಕೊಂಡು ಒಳಗೆ ಹೋದಳು.

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ತವರಿನ ಚಕ್ಕಡಿ ಬಂದು ನಿಂತಿತು. ಬಿಳಿಜೋಳದ ಹೊಲಗಳಲ್ಲಿ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಎರಚಲು, ಮನೆಮನೆಯಲ್ಲೂ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆಯ ಸಿದ್ಧತೆ ನಡೆದಿತ್ತು. ತವರಿಗೆ ಹೊರಟ ಸೊಸೆಯ ಉಡಿ ತುಂಬುವುದು ಅತ್ತೆಯ ಕೆಲಸ. ನೀಲಾಬಾಯಿ ಮಣೆ ಹಾಕಿದಳು. ಮುರಿಗೆವ್ವ ಸೆರಗು ಒಡ್ಡಿ ಕೂತಳು. ಅಕ್ಕಿ ಬಿತ್ತು, ಕೊಬ್ಬರಿ ಬಟ್ಟಲು ಬಿತ್ತು, ಖಣ ಬಿತ್ತು. ಅದರ ಮೇಲೆ ಬೆಳ್ಳಗಿನದೊಂದು ಹಗುರಾಗಿ ಇಳಿಯಿತು. ಶಾಲು. ಅದರ ಮೇಲೆ ವಿಜಾಪುರದಿಂದ ಬಂದ ದಾರದ ಉಂಡೆ.

"ಇದು ಈಗ ನಿನ್ನ ಉಡ್ಯಾಗ ಬಿದ್ದದ," ಎಂದಳು ನೀಲಾಬಾಯಿ. ಎಷ್ಟೋ ದಿನಗಳ ಮೇಲೆ ಸೊಸೆಯ ಕಣ್ಣಲ್ಲಿ ಕಣ್ಣಿಟ್ಟು ಆಡಿದ ಮಾತು. "ನಿಂದು. ಯಾರಿಗೆ ಕೊಡ್ತಿ, ನಿನಗ ಬಿಟ್ಟದ್ದು. ನಿಮ್ಮವ್ವನ ಕೈಯಾಗ ಕೊಟ್ಟ ಕಳಸಬ್ಯಾಡ. ನೀನ ಹೋಗು."

ಮುರಿಗೆವ್ವನ ಕಣ್ಣಿಂದ ಒಂದು ಹನಿ ಶಾಲಿನ ಮೇಲೆ ಬಿತ್ತು.

"ಅಳಬ್ಯಾಡ, ಉಡಿ ಹಸಿ ಆಗ್ತದ." ನೀಲಾಬಾಯಿ ಗಂಟು ಬಿಗಿದು, ಸೊಸೆಯ ಹಣೆಗೆ ಕುಂಕುಮ ಹಚ್ಚಿದಳು. ಹಚ್ಚಿದ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. "ನಂದೂ ತಪ್ಪು ಅದ. ಕಂಡೋರ ಹೆಣ್ಣಿಗೆಲ್ಲ ಕೈಗೆಲಸ ತೋರಸು ಅಂತೀನಿ. ನನಗರ ಒಂದು ಸರಪಳಿ ಹಾಕಾಕ ಬರ್ತದೇನು? ಕಂಡ ಕೂಡ್ಲೆ ಆಸೆ ಆತು. ಮೂಲಿ ಮುಗದಿಲ್ಲ ಅಂತ ಆವತ್ತ ನೋಡಿದ್ರ ಕೇಳ್ತಿದ್ನೋ ಏನೋ. ನೋಡ್ಲಿಲ್ಲ.... ಬರೂವಾಗ ನೀ ಹೊಲದ ಕೌದಿ ಒಂದು ತಗೊಂಡ ಬಾ. ಉಣ್ಣಿ ಶಾಲಿನ ಒಳಗ ಹೊದಿಯಾಕ ನನಗ ಏನೂ ಇಲ್ಲೀಗ."

ದಾರಿಯುದ್ದಕ್ಕೂ ಮುರಿಗೆವ್ವ ಉಡಿಯ ಮೇಲಿನ ಕೈ ತೆಗೆಯಲಿಲ್ಲ. ಕೊಬ್ಬರಿ ತೂಗುತ್ತಿತ್ತು, ಅಕ್ಕಿ ತೂಗುತ್ತಿತ್ತು. ಶಾಲಿಗೆ ತೂಕವೇ ಇರಲಿಲ್ಲ. ಆದರೂ ಅದು ಇರುವ ಜಾಗ ಆಕೆಗೆ ಗೊತ್ತಾಗುತ್ತಲೇ ಇತ್ತು. ಏನೆಂದು ಹೇಳಲಿ ಎಂದು ಮಾತು ಜೋಡಿಸಿದಳು, ಮುರಿದಳು. ಜೋಡಿಸಿದ್ದೆಲ್ಲ ತನ್ನನ್ನು ಕಾಯ್ದುಕೊಳ್ಳುವ ಮಾತಾಗಿಯೇ ಕೇಳಿಸುತ್ತಿತ್ತು.

ಬಬಲೇಶ್ವರ ಮುಟ್ಟಿದಾಗ ಇಳಿಹೊತ್ತು. ಮನೆಯ ಮುಂದೆ ಲಕ್ಕವ್ವ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಮುರಿಗೆವ್ವ ಚಕ್ಕಡಿಯಿಂದ ಇಳಿದವಳೇ ಓಣಿಯ ತುದಿಯ ಕಡೆ ನಡೆದಳು.

"ಏ, ಮದಲ ಮನಿಗೆ ಬಾ ಬೇ! ಕಾಲಿಗೆ ನೀರ ಹಾಕೋ!"

"ಬರ್ತೀನಿ ಬೇ ಯವ್ವಾ."

ಮಗಳು ಎಲ್ಲಿಗೆ ಹೊರಟಳೆಂದು ತಿಳಿದ ಮೇಲೆ ಲಕ್ಕವ್ವ ಮತ್ತೆ ಕರೆಯಲಿಲ್ಲ. ತಂಬಿಗೆ ಹಿಡಿದು ಅಲ್ಲೇ ನಿಂತುಬಿಟ್ಟಳು.

ಅಮೀನಸಾಬನ ಮಷೀನು ಒಳಗೆ ಗರಗರ ಸದ್ದು ಮಾಡುತ್ತಿತ್ತು. ಅಂಗಳದಲ್ಲಿ ಚಾಂದಬಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗೋಡೆಯ ಮೇಲಿನ ಕೊನೆಯ ಬಿಸಿಲಿಗೆ ಹುಸೇನಬಿ ಆತು ಕೂತಿದ್ದಳು. ಅದೇ ಹಳೆಯ ಸೀರೆಯ ಮಡಿಕೆ. ಅದೇ ಕಂಬಳಿ. ಮೈ ಮಾತ್ರ ಹೋದ ವರ್ಷಕ್ಕಿಂತ ಇನ್ನೂ ಸಣ್ಣದಾಗಿತ್ತು.

"ಬಾ ಬಾ ಮುರಿಗೆವ್ವಾ!" ಚಾಂದಬಿ ಮೊರ ಕೆಳಗಿಟ್ಟಳು. "ತಿಕೋಟಾದ ನೀರ ಹಿಡಿಸೈತಿ ನೋಡು, ಗಲ್ಲ ತುಂಬ್ಯಾವು. ಉಡಿ ಸೈತ ಇಳಿಸಿಲ್ಲಲ್ಲ, ನೆಟ್ಟಗ ಇಲ್ಲೇ ಬಂದಿ?"

ಹುಸೇನಬಿ ಕಣ್ಣು ಕಿರಿದು ಮಾಡಿದಳು. "ಯಾರದು?"

"ಲಕ್ಕವ್ವಾರ ಮುರಿಗೆವ್ವ ಅಮ್ಮಾ. ಹಬ್ಬಕ್ಕ ಬಂದಾಳ."

"ಹಾಂ, ಹಾಂ. ಬಾ ಮಗಾ, ಖುದಾ ಚಲೋ ಇಡ್ಲಿ." ಮುದುಕಿ ಕುತ್ತಿಗೆಯ ಹತ್ತಿರ ಕಂಬಳಿ ಸರಿಸಿ ತುರಿಸಿಕೊಂಡಳು. ಆಮೇಲೆ, ದಿನಾ ಕೇಳುವ ಮಾತನ್ನು ಕೇಳುವಂತೆ, ಯಾವ ಅವಸರವೂ ಇಲ್ಲದೆ ಕೇಳಿದಳು. "ಚಾಂದಾ, ಮುಗಿತೇನು ನಂದು?"

ಚಾಂದಬಿ ಮುರಿಗೆವ್ವನ ಕಡೆ ನೋಡಲಿಲ್ಲ. ಜೋಳದಲ್ಲಿ ಒಂದು ಹರಳು ಹುಡುಕಿ ಬಿಸಾಕಿದಳು.

"ಒಂದು ಮೂಲಿ ಉಳದೈತಿ ಅಮ್ಮಾ."

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಹೇಳಿ ಹೇಳಿ ಸವೆದ ದನಿ ಅದು. ಹೋದ ಪುಷ್ಯದಿಂದ ಈ ಮಾರ್ಗಶಿರದ ತನಕ ತಾಯಿ ಕೇಳಿದಾಗಲೆಲ್ಲ ಈಕೆ ಇದನ್ನೇ ಹೇಳುತ್ತ ಬಂದಿದ್ದಾಳೆಂದು ಮುರಿಗೆವ್ವನಿಗೆ ಆಗ ತಿಳಿಯಿತು. ಶಾಲು ಎಲ್ಲಿಗೆ ಹೋಯಿತೆಂದು ತಾಯಿಗೂ ಹೇಳಿರಲಿಲ್ಲ. ಹೇಳಿದ್ದರೆ ಓಣಿಯಲ್ಲಿ ಮುರಿಗೆವ್ವನ ಹೆಸರು ಕೆಡುತ್ತಿತ್ತು.

ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ. ಮುರಿಗೆವ್ವ ಚಾಂದಬಿಯ ಎದುರಿಗೆ ಮೊಣಕಾಲೂರಿ ಕೂತು ಉಡಿಯ ಗಂಟು ಬಿಚ್ಚಿದಳು. ಶಾಲಿಗೆ ಹತ್ತಿದ ಅಕ್ಕಿಯ ಕಾಳುಗಳನ್ನು ಒಂದೊಂದಾಗಿ ತೆಗೆದಳು. ಶಾಲನ್ನು ಎರಡೂ ಕೈಯಲ್ಲಿ ಎತ್ತಿ, ಕೆಂಪು ದಾರದ ಮೂಲೆ ಮೇಲೆ ಬರುವಂತೆ ಮಡಿಚಿ, ಅದರ ಮೇಲೆ ದಾರದ ಉಂಡೆ ಇಟ್ಟು, ಚಾಂದಬಿಯ ಕೈಗೆ ಕೊಟ್ಟಳು.